ಮೇದೋಜೀರಕ ಗ್ರಂಥಿಯ ಅಪೂರ್ವ ಗಡ್ಡೆಗಳು

(ಸಂಘದ ವಾರ್ಷಿಕ ಸಭೆಯ ಅಂಗವಾಗಿ ವಿದ್ಯಾರ್ಥಿಗಳ ಹಾಗೂ ಪೋಷಕರ ಮುಂದೆ ಮಾಡಿದ ಉಪನ್ಯಾಸ)



ಆರೋಗ್ಯದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಸಂಘದ ಕಾರ್ಯದರ್ಶಿಗಳು ನಮ್ಮನ್ನು ಕೇಳಿಕೊಂಡಾಗ, ಸೊಳ್ಳೆ, ಕುಡಿಯುವ ನೀರು, ಹಲ್ಲು, ಕಣ್ಣು ಇವುಗಳಲ್ಲಿ ಯಾವುದಾದರೊಂದನ್ನು ನಾವು ಆರಿಸಿಕೊಳ್ಳುವೆವೆಂದು ಅವರು ಎಣಿಸಿದ್ದರೆ ಆಶ್ಚರ್ಯವಿಲ್ಲ. ಅವೆಲ್ಲ ಅಗತ್ಯವಾದ ವಿಷಯಗಳೇ ಸರಿ. ಆದರೆ ಅವುಗಳ ಬಗ್ಗೆ ಹೇಳುವವರು ಅನೇಕರಿದ್ದಾರೆ. ನಾವು ಇಂದು ಆರಿಸಿಕೊಂಡಿರುವುದು ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಬೆರಳೆಣಿಕೆಯ ಮಂದಿಗೆ ಮಾತ್ರ ಬರುವ ಒಂದು ವ್ಯಾಧಿಯನ್ನು. ಇಷ್ಟು ಅಪೂರ್ವವಾದುದನ್ನು ಶಾಲೆಯ ಅಂಗಳದಲ್ಲಿ ಹೇಳುವುದೇತಕ್ಕೆ ಎಂದು ತಾವು ಕೇಳಬಹುದು. ಈ ವ್ಯಾಧಿಯ ಮೊದಲನೆಯ ಸುಳಿವು ಸಿಕ್ಕುವುದು ಆಸ್ಪತ್ರೆಯ ಯಂತ್ರಗಳಿಗಿಂತ ಮುಂಚೆ ಮನೆಯವರ ಕಣ್ಣಿಗೆ, ಅದೇ ಕಾರಣ. ಮನೆಯವರು ಅದನ್ನು ಗಮನಿಸಿ ವೈದ್ಯರಿಗೆ ಸರಿಯಾಗಿ ಹೇಳಿದರೆ ರೋಗಿಯು ಬಹುಮಟ್ಟಿಗೆ ಗುಣಹೊಂದುವನು. ಗಮನಿಸದೆ ಹೋದರೆ ಹುಚ್ಚನೆಂದೋ ಅಪಸ್ಮಾರದವನೆಂದೋ ದೆವ್ವ ಹಿಡಿದವನೆಂದೋ ಹೆಸರು ಹೊತ್ತು ವರ್ಷಗಟ್ಟಲೆ ತಿರುಗುವನು.

ಮೊದಲು ಆ ಅವಯವದ ಪರಿಚಯವಾಗಲಿ. ಮೇದೋಜೀರಕ ಗ್ರಂಥಿಯು ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುವ, ಸುಮಾರು ೧೫ ಸೆಂಟಿಮೀಟರು ಉದ್ದದ, ೧೦೦ ಗ್ರಾಮಿನ ಆಸುಪಾಸು ತೂಕದ ಮೃದುವಾದ ಗ್ರಂಥಿ. ಇದರ ತಲೆ ಬಲಗಡೆ ಸಣ್ಣ ಕರುಳಿನ ಮೊದಲನೆಯ ಬಾಗಿನ ತೆಕ್ಕೆಯಲ್ಲಿದೆ. ಬಾಲವು ಎಡಗಡೆ ಗುಲ್ಮದವರೆಗೂ ಚಾಚಿದೆ. ಇಷ್ಟು ಆಳದಲ್ಲಿ ಅಡಗಿರುವುದರಿಂದ ವೈದ್ಯನು ಹೊಟ್ಟೆಯನ್ನು ಒತ್ತಿ ನೋಡಿದರೆ ಅದು ಕೈಗೆ ಸಿಕ್ಕುವಂತಿಲ್ಲ. ಅದರ ಕೆಲಸ ಎರಡು. ಅನ್ನವನ್ನು ಅರಗಿಸುವ ರಸವನ್ನು ತಯಾರಿಸಿ ಒಂದು ನಾಳದ ಮೂಲಕ ಕರುಳಿಗೆ ಹರಿಯಿಸುವುದು ಮೊದಲನೆಯದು. ಎರಡನೆಯ ಕೆಲಸವು ಬಹುಕಾಲ ಯಾರಿಗೂ ತಿಳಿದಿರಲಿಲ್ಲ.

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಬೇಕು. ೧೮೬೯ರಲ್ಲಿ ಬರ್ಲಿನ್ ನಗರದಲ್ಲಿ ಪೌಲ್ ಲ್ಯಾಂಗರ್‌ಹಾನ್ಸ್ ಎಂಬ ೨೧ ವರ್ಷದ ತರುಣನು ತನ್ನ ಪದವಿಯ ಪ್ರಬಂಧಕ್ಕಾಗಿ ಮೊಲದ ಮೇದೋಜೀರಕವನ್ನು ಸೂಕ್ಷ್ಮದರ್ಶಕದಡಿಯಲ್ಲಿ ಪರೀಕ್ಷಿಸುತ್ತಿದ್ದನು. ಗ್ರಂಥಿಯ ಜೀವಕೋಶಗಳ ನಡುವೆ ಅಲ್ಲಲ್ಲಿ ಬೇರೆ ಬಗೆಯ ಕೋಶಗಳು ಗುಂಪುಗೂಡಿರುವುದು ಅವನಿಗೆ ಕಂಡಿತು. ಅವು ಏನು ಮಾಡುತ್ತವೆಂಬುದು ತನಗೆ ತಿಳಿಯದೆಂದು ಅವನು ಪ್ರಾಮಾಣಿಕವಾಗಿ ಬರೆದಿಟ್ಟನು. ೧೮೯೩ರಲ್ಲಿ ಫ್ರಾನ್ಸಿನ ಲಗೆಸ್ ಎಂಬ ವಿದ್ವಾಂಸನು ಅವುಗಳಿಗೆ ‘ಲ್ಯಾಂಗರ್‌ಹಾನ್ಸನ ದ್ವೀಪಗಳು’ ಎಂದು ಹೆಸರಿಟ್ಟನು. ಅಷ್ಟು ಹೊತ್ತಿಗೆ ಲ್ಯಾಂಗರ್‌ಹಾನ್ಸನು ತೀರಿಕೊಂಡು ೫ ವರ್ಷಗಳಾಗಿದ್ದವು. ಇಂಥ ದ್ವೀಪಗಳು ಮನುಷ್ಯನ ಗ್ರಂಥಿಯಲ್ಲಿ ಹತ್ತು ಲಕ್ಷದಷ್ಟಿದ್ದರೂ ಎಲ್ಲವನ್ನೂ ಕೂಡಿಸಿದರೆ ಗ್ರಂಥಿಯ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಇವು ತಮ್ಮ ರಸವನ್ನು ಯಾವ ನಾಳಕ್ಕೂ ಸುರಿಯದೆ ನೇರವಾಗಿ ರಕ್ತಕ್ಕೆ ಬಿಡುತ್ತವೆ. ಆ ರಸಗಳಿಗೆ ಹಾರ್ಮೋನುಗಳೆಂದು ಹೆಸರು. ಅವುಗಳಲ್ಲಿ ಪ್ರಸಿದ್ಧವಾದುದು ಇನ್ಸುಲಿನ್; ೧೯೨೧ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಅದನ್ನು ಬೇರ್ಪಡಿಸಿದ ವೃತ್ತಾಂತವನ್ನು ತಾವೆಲ್ಲ ಪಾಠಗಳಲ್ಲಿ ಓದಿರಬಹುದು.

ಈಗ ಗಡ್ಡೆಯ ಮಾತಿಗೆ ಬರೋಣ. ಈ ಗ್ರಂಥಿಯಲ್ಲಿ ಹುಟ್ಟುವ ಅರ್ಬುದಗಳಲ್ಲಿ ಹೆಚ್ಚಿನವು ರಸವನ್ನು ಒಯ್ಯುವ ನಾಳದ ಒಳಪದರದಿಂದ ಹುಟ್ಟುವಂಥವು. ಅವು ಘೋರವಾದವು ಎಂಬುದನ್ನು ಮುಚ್ಚಿಡುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಕಾಮಾಲೆ ಕಾಣಿಸಿಕೊಂಡೋ ಮೈ ಇಳಿದುಹೋಗಿಯೋ ರೋಗಿಯು ವೈದ್ಯರ ಬಳಿಗೆ ಬರುವ ವೇಳೆಗೆ ಬಹಳ ಸಾರಿ ಕಾಲ ಮಿಂಚಿರುತ್ತದೆ. ಆದುದರಿಂದಲೇ ‘ಮೇದೋಜೀರಕದಲ್ಲಿ ಗಡ್ಡೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಮಂದಿಯೆಲ್ಲ ಎದೆಗುಂದುವರು. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬಂತೆ ಅಲ್ಲಿ ಹುಟ್ಟುವ ಗಡ್ಡೆಗಳೆಲ್ಲ ಒಂದೇ ಜಾತಿಯವಲ್ಲ. ದ್ವೀಪಕೋಶಗಳ ಬಳಗದಿಂದ ಹುಟ್ಟುವ ಗಡ್ಡೆಗಳು ಸಂಖ್ಯೆಯಲ್ಲಿ ತೀರ ಕಡಿಮೆ. ಅವುಗಳ ನಡೆಯೇ ಬೇರೆ. ಅನೇಕವು ಮೆಲ್ಲಗೆ ಬೆಳೆಯುತ್ತವೆ, ಕೆಲವು ಎಂದೂ ಹರಡುವುದೇ ಇಲ್ಲ. ಇವುಗಳಲ್ಲಿ ಬಹಳಷ್ಟು ಮೌನವಾಗಿದ್ದು, ಬೇರೆ ಯಾವುದೋ ಕಾರಣಕ್ಕಾಗಿ ಸ್ಕ್ಯಾನ್ ಮಾಡಿಸಿದಾಗ ಅಕಸ್ಮಾತ್ತಾಗಿ ಕಣ್ಣಿಗೆ ಬೀಳುತ್ತವೆ. ಇನ್ನು ಕೆಲವು ಹಾರ್ಮೋನನ್ನು ಅಳತೆಮೀರಿ ರಕ್ತಕ್ಕೆ ಸುರಿಯುತ್ತವೆ. ಆಗ ಗಡ್ಡೆಯಿರುವುದು ಒಂದು ಕಡೆ, ರೋಗಿಯು ನರಳುವುದು ಇನ್ನೊಂದು ಕಡೆ. ಗುರುತು ಹಿಡಿಯುವುದು ಕಷ್ಟವಾಗುವುದೂ ಸ್ವಾರಸ್ಯವಾಗುವುದೂ ಇದರಿಂದಲೇ.

ಇನ್ಸುಲಿನ್ನನ್ನು ಸುರಿಯುವ ಗಡ್ಡೆಗೆ ಇನ್ಸುಲಿನೋಮಾ ಎಂದು ಹೆಸರು. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಂದ ನಾಲ್ವರಿಗೆ ಇದು ಬರುತ್ತದೆ. ೨೦೧೧ರ ಜನಗಣತಿಯಂತೆ ನಮ್ಮ ಕಾಸರಗೋಡು ಜಿಲ್ಲೆಯ ಜನಸಂಖ್ಯೆ ೧೩ ಲಕ್ಷ; ಆ ಲೆಕ್ಕದಲ್ಲಿ ಇಡೀ ಜಿಲ್ಲೆಗೆ ವರ್ಷಕ್ಕೆ ಒಬ್ಬರೋ ಇಬ್ಬರೋ, ಹೆಚ್ಚೆಂದರೆ ಐವರೋ ಆದಾರು. ಊರಿನ ವೈದ್ಯನೊಬ್ಬನು ತನ್ನ ಇಡೀ ವೃತ್ತಿಜೀವನದಲ್ಲಿ ಇಂಥ ಒಬ್ಬ ರೋಗಿಯನ್ನೂ ಕಾಣದಿರಬಹುದು. ಅವನಿಗೆ ಥಟ್ಟನೆ ಹೊಳೆಯಲಿಲ್ಲವೆಂದು ದೂರುವುದು ನ್ಯಾಯವಲ್ಲ.

ರೋಗಿಗೆ ಆಗುವುದೇನು? ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಾದರೂ ದೇಹದ ಶಕ್ತಿಯ ವೆಚ್ಚದಲ್ಲಿ ಸುಮಾರು ಐದನೆಯ ಒಂದು ಪಾಲು ಅದರದೇ. ಅದಕ್ಕೆ ಬೇಕಾದ ಆಹಾರ ಮುಖ್ಯವಾಗಿ ರಕ್ತದಲ್ಲಿರುವ ಗ್ಲೂಕೋಸು ಎಂಬ ಸಕ್ಕರೆ. ಊಟ ಮಾಡಿ ಬಹಳ ಹೊತ್ತಾದಾಗ ಆರೋಗ್ಯವಂತನ ದ್ವೀಪಗಳು ಇನ್ಸುಲಿನ್ ಸುರಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿಬಿಡುತ್ತವೆ. ಗಡ್ಡೆಗೆ ಆ ವಿವೇಕವಿಲ್ಲ. ಆದುದರಿಂದ ಬೆಳಗಿನ ಜಾವದಲ್ಲಿ, ಊಟ ತಡವಾದ ದಿನಗಳಲ್ಲಿ, ಗದ್ದೆಯಲ್ಲೋ ತೋಟದಲ್ಲೋ ಬೆವರು ಹರಿಸಿ ದುಡಿದ ಮೇಲೆ ರಕ್ತದ ಸಕ್ಕರೆ ಇಳಿದುಹೋಗುತ್ತದೆ. ಮೈ ಬೆವರುವುದು, ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು, ತಡೆಯಲಾರದ ಹಸಿವು ಇವು ದೇಹವು ಕೊಡುವ ಎಚ್ಚರಿಕೆಗಳು. ಅವುಗಳ ಹಿಂದೆಯೇ ಮಿದುಳಿನ ಉಪವಾಸದ ಚಿಹ್ನೆಗಳು ಬರುತ್ತವೆ: ಕಣ್ಣು ಮಂಜಾಗುವುದು, ಮಾತು ತೊದಲುವುದು, ಮಂಕು ಕವಿಯುವುದು, ಗುರುತಿನವರನ್ನು ಗುರುತಿಸದಿರುವುದು, ಕಾರಣವಿಲ್ಲದೆ ಸಿಟ್ಟಾಗುವುದು, ಕೊನೆಗೆ ಸೆಳವು ಮತ್ತು ಮೂರ್ಛೆ. ಸಕ್ಕರೆಯ ನೀರು ಹೊಟ್ಟೆಗೆ ಬಿದ್ದರೆ ಹತ್ತು ಹದಿನೈದು ನಿಮಿಷಗಳಲ್ಲಿ ಮನುಷ್ಯ ಮೊದಲಿನಂತಾಗುವನು. ನಡುವೆ ನಡೆದುದು ಅವನಿಗೆ ನೆನಪಿರದಿರುವುದೂ ಉಂಟು. ತಿಂದರೆ ಹಿತವಾಗುವುದೆಂಬುದನ್ನು ಕ್ರಮೇಣ ತಾನಾಗಿಯೇ ಕಲಿತು, ಅಡಿಗಡಿಗೆ ತಿಂದು, ಕೆಲವರು ಮೈ ಬೆಳೆಸಿಕೊಳ್ಳುತ್ತಾರೆ. ಗಡ್ಡೆಯಿದ್ದವನು ಸೊರಗಬೇಕೆಂಬ ನಮ್ಮ ಎಣಿಕೆಗೆ ಇದು ನೇರ ವಿರುದ್ಧ.

ನಮ್ಮ ಸೀಮೆಯಲ್ಲಿ ಉಪವಾಸದ ದಿನಗಳು ಕಡಿಮೆಯಲ್ಲ. ಏಕಾದಶಿ, ಶಿವರಾತ್ರಿ, ರಂಜಾನಿನ ತಿಂಗಳು ಇವುಗಳಲ್ಲೆಲ್ಲ ಎಷ್ಟೋ ಮಂದಿ ಶ್ರದ್ಧೆಯಿಂದ ಆಹಾರ ಬಿಡುತ್ತಾರೆ. ಸಾವಿರಾರು ಮಂದಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ಮನೆಯ ಒಬ್ಬರಿಗೆ ಮಾತ್ರ ಪ್ರತಿ ಉಪವಾಸದ ದಿನವೂ ಮಾತು ತಪ್ಪುತ್ತದೆ, ಕಣ್ಣು ಮೇಲಾಗುತ್ತದೆ ಎಂದಾದರೆ, ಅದನ್ನು ಮೈಮೇಲೆ ಬಂತೆಂದು ಹೇಳಿ ಬಿಟ್ಟುಬಿಡಬಾರದು. ಪಾರಣೆಯ ಅನ್ನ ಹೊಟ್ಟೆಗೆ ಬಿದ್ದೊಡನೆ ‘ಗಾಳಿ ಬಿಟ್ಟಿತು’ ಎಂದು ಹಿರಿಯರು ಹೇಳುವುದುಂಟು. ಅವರ ಕಣ್ಣು ಕಂಡುದು ನಿಜವೇ. ಬಿಟ್ಟುದು ಗಾಳಿಯೋ ಸಕ್ಕರೆಯ ಕೊರತೆಯೋ ಎಂಬುದನ್ನು ಒಂದು ಹನಿ ರಕ್ತ ಹೇಳಬಲ್ಲುದು.

ಇನ್ಸುಲಿನ್ ಕೈಗೆ ಬಂದ ಮೇಲೆ ಈ ವ್ಯಾಧಿಯು ಅರ್ಥವಾದ ಬಗೆ ವಿಚಿತ್ರವಾಗಿದೆ. ಮಧುಮೇಹದ ರೋಗಿಗಳಿಗೆ ಇನ್ಸುಲಿನ್ ಹೆಚ್ಚು ಕೊಟ್ಟಾಗ ಆಗುವ ಬೆವರು, ನಡುಕ, ಮಂಕುಗಳು ಇನ್ಸುಲಿನ್ನನ್ನು ಕಂಡೇ ಇರದ ಕೆಲವರಿಗೂ ಆಗುತ್ತಿವೆಯೆಂದು ೧೯೨೪ರಲ್ಲಿ ಅಮೆರಿಕದ ಅಲಬಾಮಾ ಪ್ರಾಂತದ ಸೀಲ್ ಹ್ಯಾರಿಸ್ ಎಂಬ ವೈದ್ಯನು ಬರೆದನು. ಇವರ ಗ್ರಂಥಿಯೇ ಅತಿಯಾಗಿ ಸುರಿಸುತ್ತಿರಬೇಕೆಂಬುದು ಅವನ ಊಹೆ. ಮೂರು ವರ್ಷಗಳೊಳಗೆ ಊಹೆಗೆ ಪ್ರಮಾಣ ದೊರೆಯಿತು. ಪ್ರಸಿದ್ಧವಾದ ಮೇಯೋ ಚಿಕಿತ್ಸಾಲಯಕ್ಕೆ ಬಂದ ಒಬ್ಬ ರೋಗಿಯು ಸ್ವತಃ ವೈದ್ಯನಾಗಿದ್ದನು. ಹಗಲಿರುಳು ಸಕ್ಕರೆ ತಿನ್ನುತ್ತಿದ್ದರೂ ಅವನಿಗೆ ಮೂರ್ಛೆ ತಪ್ಪುತ್ತಿರಲಿಲ್ಲ. ವಿಲಿಯಂ ಮೇಯೋ ಅವನ ಹೊಟ್ಟೆಯನ್ನು ತೆರೆದು ನೋಡಿದಾಗ ಮೇದೋಜೀರಕದಲ್ಲಿ ಗಡ್ಡೆಯಿತ್ತು. ಅದು ಯಕೃತ್ತಿಗೂ ಹರಡಿತ್ತು. ರೋಗಿ ಉಳಿಯಲಿಲ್ಲ. ಆದರೆ ಯಕೃತ್ತಿನೊಳಗೆ ಬೆಳೆದಿದ್ದ ಗಡ್ಡೆಯ ಸತ್ವವನ್ನು ಮೊಲಗಳಿಗೆ ಚುಚ್ಚಿ ನೋಡಿದಾಗ ಅವುಗಳ ರಕ್ತದ ಸಕ್ಕರೆ ಇಳಿಯಿತು. ಯಕೃತ್ತು ಎಂದೂ ಇನ್ಸುಲಿನ್ ತಯಾರಿಸುವ ಅವಯವವಲ್ಲ. ದ್ವೀಪದಿಂದ ಹೊರಟ ಗಡ್ಡೆ ತನ್ನ ಕಸುಬನ್ನು ಅಲ್ಲಿಗೂ ಒಯ್ದಿತ್ತು. ೧೯೨೭ರಲ್ಲಿ ವೈಲ್ಡರನೂ ಅವನ ಸಹೋದ್ಯೋಗಿಗಳೂ ಇದನ್ನು ಪ್ರಕಟಿಸಿದರು. ಮುಂದಿನ ೧೯೨೯ರಲ್ಲಿ ರಾಸ್ಕೋ ಗ್ರಹಾಂ ಎಂಬ ಶಸ್ತ್ರವೈದ್ಯನು ಇಂಥ ಗಡ್ಡೆಯನ್ನು ತೆಗೆದು ರೋಗಿಯನ್ನು ಗುಣಪಡಿಸಿದನು. ಅದು ನಡೆದ ಊರು ಇನ್ಸುಲಿನ್ ಹುಟ್ಟಿದ ಅದೇ ಟೊರಾಂಟೋ.

ಇದಾದ ಮೇಲೆ ಬೇರೊಂದು ತೊಡಕು ಹುಟ್ಟಿಕೊಂಡಿತು. ಬೆವರಿದವರಿಗೆಲ್ಲ, ಸುಸ್ತಾದವರಿಗೆಲ್ಲ ಗಡ್ಡೆಯ ಸಂಶಯ! ಹೊಟ್ಟೆ ಕೊಯ್ದು ಹುಡುಕಿದರೆ ಏನೂ ಸಿಕ್ಕದು. ನ್ಯೂಯಾರ್ಕಿನ ಆಲನ್ ವಿಪ್ಪಲ್ ಎಂಬ ಶಸ್ತ್ರವೈದ್ಯನು ೧೯೩೦ರ ದಶಕದಲ್ಲಿ ಇದಕ್ಕೊಂದು ಕಟ್ಟಳೆ ಹಾಕಿದನು. ಉಪವಾಸದಿಂದಲೋ ದುಡಿಮೆಯಿಂದಲೋ ರೋಗಚಿಹ್ನೆಗಳು ತಲೆದೋರಬೇಕು. ಅದೇ ಕ್ಷಣದಲ್ಲಿ ರಕ್ತವನ್ನು ಪರೀಕ್ಷಿಸಿದರೆ ಸಕ್ಕರೆಯು ೧೦೦ ಮಿಲಿಲೀಟರಿಗೆ ೫೦ ಮಿಲಿಗ್ರಾಮಿಗಿಂತ ಕಡಿಮೆಯಿರಬೇಕು. ಗ್ಲೂಕೋಸು ಕೊಟ್ಟೊಡನೆ ಚಿಹ್ನೆಗಳು ಮಾಯವಾಗಬೇಕು. ಈ ಮೂರೂ ಕೂಡಿದರೆ ಮಾತ್ರ ಮುಂದಿನ ವಿಚಾರ. ಯಂತ್ರಗಳು ಎಷ್ಟೋ ಬದಲಾಗಿವೆ, ಅಂಕೆಯು ೫೫ಕ್ಕೆ ಏರಿದೆ; ಕಟ್ಟಳೆಯು ಮಾತ್ರ ಇಂದಿಗೂ ಹಾಗೆಯೇ ನಿಂತಿದೆ. ನಮ್ಮ ಮಟ್ಟಿಗೆ ಇದರಲ್ಲಿ ಅತ್ಯಂತ ಬೆಲೆಯುಳ್ಳದ್ದು ‘ಅದೇ ಕ್ಷಣದಲ್ಲಿ’ ಎಂಬ ಮಾತು. ಬೆಳಗಿನ ನಾಲ್ಕಕ್ಕೆ ಮೂರ್ಛೆ ಹೋದವನನ್ನು, ದಾರಿಯಲ್ಲಿ ಸಕ್ಕರೆ ಹಾಕಿದ ಚಹಾ ಕುಡಿಸಿ, ಹತ್ತು ಗಂಟೆಗೆ ಆಸ್ಪತ್ರೆಗೆ ಕರೆದೊಯ್ದರೆ ರಕ್ತಪರೀಕ್ಷೆಯ ಚೀಟಿಯಲ್ಲಿ ‘ಎಲ್ಲವೂ ಸರಿಯಾಗಿದೆ’ ಎಂದೇ ಬರುತ್ತದೆ. ಹೀಗೆ ಎಷ್ಟೋ ಮಂದಿಯ ಚೀಟಿಗಳು ವರ್ಷಾನುಗಟ್ಟಲೆ ‘ಸರಿ’ಯಾಗಿಯೇ ಇರುತ್ತವೆ.

ಮೂರು ಕೂಡಿದ ಮೇಲೆ ರೋಗಿಯನ್ನು ಆಸ್ಪತ್ರೆಯಲ್ಲಿ ಮಲಗಿಸಿ, ನೀರನ್ನು ಮಾತ್ರ ಕೊಟ್ಟು, ೭೨ ಗಂಟೆಗಳವರೆಗೆ ಉಪವಾಸವಿರಿಸಿ, ಗಳಿಗೆ ಗಳಿಗೆಗೆ ರಕ್ತ ತೆಗೆದು ನೋಡುತ್ತಾರೆ. ಹೆಚ್ಚಿನವರಲ್ಲಿ ೪೮ ಗಂಟೆಗಳೊಳಗೆ ಸಕ್ಕರೆ ಕುಸಿಯುತ್ತದೆ. ಕುಸಿದ ಆ ಗಳಿಗೆಯಲ್ಲಿ ರಕ್ತದಲ್ಲಿ ಇನ್ಸುಲಿನ್ ಇಳಿದಿದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ರಕ್ತದಲ್ಲಿರುವ ಇಷ್ಟು ಅಲ್ಪ ಪ್ರಮಾಣದ ವಸ್ತುವನ್ನು ಅಳೆಯುವ ವಿದ್ಯೆಯನ್ನು ಕಂಡುಹಿಡಿದವರು ನ್ಯೂಯಾರ್ಕಿನ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್. ಅವರ ಸಾಧನೆ ೧೯೬೦ರ ಹೊತ್ತಿಗೆ ಸಿದ್ಧವಾಗಿತ್ತು. ೧೯೭೭ರಲ್ಲಿ ಯಾಲೋ ಅವರಿಗೆ ನೊಬೆಲ್ ಬಹುಮಾನ ಬಂದಾಗ ಬರ್ಸನ್ ಜೀವಂತರಿರಲಿಲ್ಲ. ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಿ ನೋಡುವ ಸಾಹಸವನ್ನು ಯಾರೂ ಮಾಡಬಾರದೆಂದು ಇಲ್ಲಿಯೇ ಹೇಳಿಬಿಡುವೆವು. ಅದು ಪ್ರಾಣಾಪಾಯದ ಕೆಲಸ.

ಆದರೂ ಒಂದು ಸಂಶಯ ಉಳಿಯುತ್ತದೆ. ರಕ್ತದಲ್ಲಿ ಕಂಡ ಇನ್ಸುಲಿನ್ ಗಡ್ಡೆಯದೋ, ಹೊರಗಿನಿಂದ ಚುಚ್ಚಿಕೊಂಡುದೋ? ಇದನ್ನು ಬಿಡಿಸಿದುದು ಚಿಕಾಗೋ ನಗರದ ಡೊನಾಲ್ಡ್ ಸ್ಟೈನರ್ ೧೯೬೭ರಲ್ಲಿ ಹೊರಗೆಡಹಿದ ಸಂಗತಿ. ದೇಹವು ಇನ್ಸುಲಿನ್ನನ್ನು ನೇರವಾಗಿ ತಯಾರಿಸದೆ, ಮೊದಲು ಒಂದು ಉದ್ದನೆಯ ವಸ್ತುವನ್ನು ಕಟ್ಟಿ, ಅದರ ನಡುವಿನ ತುಂಡನ್ನು ಕತ್ತರಿಸಿ ಹಾಕುತ್ತದೆ. ಆ ತುಂಡಿಗೆ ಸಿ-ಪೆಪ್ಟೈಡ್ ಎಂದು ಹೆಸರು. ನಮ್ಮ ಊರಿನ ಮಕ್ಕಳಿಗೆ ಇದನ್ನು ತಿಳಿಸುವುದು ಸುಲಭ. ಅಂಗಳದಲ್ಲಿ ತೆಂಗಿನಕಾಯಿಯ ಸಿಪ್ಪೆ ಬಿದ್ದಿದ್ದರೆ ಕಾಯಿಯನ್ನು ಇಲ್ಲಿಯೇ ಸುಲಿದರೆಂದು ಅರ್ಥ. ಸುಲಿದ ಕಾಯಿಯನ್ನು ಅಂಗಡಿಯಿಂದ ತಂದಿದ್ದರೆ ಸಿಪ್ಪೆ ಇರುವುದಿಲ್ಲ. ಔಷಧಿಯ ಸೀಸೆಯ ಇನ್ಸುಲಿನ್ ಸುಲಿದ ಕಾಯಿ. ಸಿ-ಪೆಪ್ಟೈಡ್ ಹೆಚ್ಚಾಗಿ ಕಂಡರೆ ಇನ್ಸುಲಿನ್ ರೋಗಿಯ ಮೈಯಲ್ಲೇ ಹುಟ್ಟಿದೆ. ಇಷ್ಟಾದರೂ ಮೋಸಹೋಗುವ ಸಂಭವವುಂಟು. ಮಧುಮೇಹಕ್ಕೆ ಕೊಡುವ ಸಲ್ಫೊನಿಲ್‌ಯೂರಿಯಾ ಜಾತಿಯ ಮಾತ್ರೆಗಳು ಗ್ರಂಥಿಯನ್ನೇ ಹಿಂಡಿ ಇನ್ಸುಲಿನ್ ಹೊರಡಿಸುತ್ತವೆ. ಆಗಲೂ ಸಿಪ್ಪೆ ಬೀಳುತ್ತದೆ. ಅಜ್ಜನ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ರಕ್ತದೊತ್ತಡದ ಮಾತ್ರೆಯೆಂದು ಅಜ್ಜಿ ನುಂಗಿಬಿಟ್ಟರೆ ಗಡ್ಡೆಯ ನಾಟಕವೆಲ್ಲ ಗಡ್ಡೆಯಿಲ್ಲದೆಯೇ ನಡೆದುಹೋಗುವುದು. ಆದುದರಿಂದ ವೈದ್ಯರ ಬಳಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲರ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ಒಯ್ಯುವುದು ಲೇಸು. ಮದ್ಯಪಾನ, ಯಕೃತ್ತಿನ ಕೇಡು, ಇತರ ಗ್ರಂಥಿಗಳ ಕೊರತೆ ಇವುಗಳಿಂದಲೂ ಸಕ್ಕರೆ ಇಳಿಯುವುದುಂಟು.

ಇನ್ಸುಲಿನೋಮಾದ ಮಾತನ್ನು ಉದ್ದಕ್ಕೆ ಬೆಳೆಸಿದೆವು. ಈ ಬಳಗದಲ್ಲಿ ಹೆಚ್ಚು ಕಥೆಯುಳ್ಳದ್ದು ಅದೇ. ಮತ್ತೊಂದನ್ನು ೧೯೫೫ರಲ್ಲಿ ಅಮೆರಿಕದ ಒಹಾಯೋ ಪ್ರಾಂತದ ಜೋಲಿಂಜರ್ ಮತ್ತು ಎಲಿಸನ್ ಎಂಬ ಶಸ್ತ್ರವೈದ್ಯರು ಗುರುತಿಸಿದರು. ೩೬ ಮತ್ತು ೧೯ ವರ್ಷದ ಇಬ್ಬರು ಸ್ತ್ರೀಯರಿಗೆ ಹುಣ್ಣುಗಳು ಜಠರವನ್ನು ದಾಟಿ ಕರುಳಿನ ಅಸಾಧಾರಣವಾದ ಸ್ಥಳದಲ್ಲಿ ಏಳುತ್ತಿದ್ದವು. ಶಸ್ತ್ರಕ್ರಿಯೆ ಮಾಡಿದರೂ ಮರುಕಳಿಸುತ್ತಿದ್ದವು. ಜಠರವು ಆಮ್ಲವನ್ನು ಹಗಲಿರುಳೆನ್ನದೆ ಸುರಿಯುತ್ತಿತ್ತು. ಇಬ್ಬರ ಮೇದೋಜೀರಕದಲ್ಲಿಯೂ ದ್ವೀಪಕೋಶಗಳ ಗಡ್ಡೆಗಳಿದ್ದವು. ಅವು ಜಠರವನ್ನು ಕೆರಳಿಸುವ ಯಾವುದೋ ರಸವನ್ನು ಕಳುಹಿಸುತ್ತಿರಬೇಕೆಂದು ಅವರು ತರ್ಕಿಸಿದರು. ಆ ರಸವು ಗ್ಯಾಸ್ಟ್ರಿನ್ ಎಂಬುದು ಇಂಗ್ಲೆಂಡಿನ ಲಿವರ್‌ಪೂಲಿನ ಗ್ರೆಗರಿ ಮತ್ತು ಟ್ರೇಸಿ ಇವರ ಶೋಧನೆಗಳಿಂದ ೧೯೬೦ರ ದಶಕದಲ್ಲಿ ಸ್ಥಿರಪಟ್ಟಿತು. ಆ ಕಾಲದಲ್ಲಿ ಜಠರವನ್ನೇ ಪೂರ್ತಿಯಾಗಿ ತೆಗೆದುಹಾಕುವುದೊಂದೇ ಉಪಾಯವಾಗಿತ್ತು. ಒಮೆಪ್ರಜೋಲ್ ಮೊದಲಾದ ಮಾತ್ರೆಗಳು ಬಂದಮೇಲೆ ಆ ಕಷ್ಟ ತಪ್ಪಿದೆ. ಆದರೆ ಅದೇ ಮಾತ್ರೆಗಳನ್ನು ಅಂಗಡಿಯಿಂದ ತಾವೇ ಕೊಂಡು ವರ್ಷಗಟ್ಟಲೆ ನುಂಗುವವರಲ್ಲಿ ಇಂಥ ಗಡ್ಡೆಯ ಚಿಹ್ನೆಗಳೂ ಮುಚ್ಚಿಹೋಗುತ್ತವೆ. ಹುಣ್ಣು ಮತ್ತೆ ಮತ್ತೆ ಬರುತ್ತಿದ್ದು ಅದರೊಡನೆ ಭೇದಿಯೂ ಇದ್ದರೆ ಅದನ್ನು ವೈದ್ಯರಿಗೆ ಒಟ್ಟಿಗೇ ಹೇಳಬೇಕು; ಹುಣ್ಣಿನ ಮಾತನ್ನು ಒಬ್ಬರಿಗೆ, ಭೇದಿಯ ಮಾತನ್ನು ಇನ್ನೊಬ್ಬರಿಗೆ ಹೇಳಬಾರದು.

ನೀರಿನಂಥ ಭೇದಿಯನ್ನುಂಟುಮಾಡುವ ಗಡ್ಡೆಯನ್ನು ೧೯೫೮ರಲ್ಲಿ ವರ್ನರ್ ಮತ್ತು ಮಾರಿಸನ್ ವರ್ಣಿಸಿದರು. ಗ್ಲುಕಗಾನ್ ಸುರಿಸುವ ಇನ್ನೊಂದು ಗಡ್ಡೆಯು ಚರ್ಮದ ಮೇಲೆ ಸುಟ್ಟಂಥ ಗಾಯಗಳನ್ನೂ ಮಧುಮೇಹವನ್ನೂ ತರುತ್ತದೆ. ಇವೆರಡೂ ಅಪೂರ್ವದಲ್ಲಿ ಅಪೂರ್ವವಾದವು.

ಹೆಣ್ಣುಮಕ್ಕಳ ತಾಯಿತಂದೆಗಳಿಗಾಗಿ ಒಂದು ಗಡ್ಡೆಯನ್ನು ಬೇರೆಯಾಗಿ ಹೆಸರಿಸುವೆವು. ಇದು ಯಾವ ಹಾರ್ಮೋನನ್ನೂ ಸುರಿಯುವುದಿಲ್ಲ. ಬರುವುದು ಹೆಚ್ಚಾಗಿ ತರುಣಿಯರಿಗೆ; ಹತ್ತರಲ್ಲಿ ಸುಮಾರು ಒಂಬತ್ತು ರೋಗಿಗಳು ಸ್ತ್ರೀಯರೇ. ಹೊಟ್ಟೆಯಲ್ಲಿ ಭಾರ, ಅಸ್ಪಷ್ಟವಾದ ನೋವು, ಕೈಗೆ ತಗಲುವ ಉಬ್ಬು ಇಷ್ಟೇ ಚಿಹ್ನೆ. ಕೆಲವರಲ್ಲಿ ಅದೂ ಇಲ್ಲ. ೧೯೫೯ರಲ್ಲಿ ಇದನ್ನು ಪ್ರತ್ಯೇಕವಾಗಿ ವರ್ಣಿಸಿದವರು ವರ್ಜಿನಿಯಾ ಫ್ರಾಂಟ್ಸ್ ಎಂಬ ಮಹಿಳಾ ವೈದ್ಯೆ. ವಿಪ್ಪಲ್ಲನು ೧೯೩೫ರಲ್ಲಿ ಇನ್ಸುಲಿನ್ ಗಡ್ಡೆಗಳ ಬಗ್ಗೆ ಬರೆದ ಲೇಖನಕ್ಕೂ ಈಕೆಯೇ ಸಹಲೇಖಕಿ. ಆತನು ತೆಗೆದ ಗಡ್ಡೆಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿ ಓದುತ್ತಿದ್ದವರು ಈಕೆ. ವಿಪ್ಪಲ್ಲನ ಹೆಸರು ಎಲ್ಲೆಲ್ಲಿಯೂ ಕೇಳಿಬರುತ್ತದೆ, ಫ್ರಾಂಟ್ಸರ ಹೆಸರು ಅಷ್ಟಾಗಿ ಇಲ್ಲ. ಈ ಗಡ್ಡೆ ಸ್ಕ್ಯಾನಿನಲ್ಲಿ ನೋಡಲು ದೊಡ್ಡದಾಗಿ ಭಯಂಕರವಾಗಿ ಕಾಣಬಹುದು. ಆದರೂ ಶಸ್ತ್ರಕ್ರಿಯೆಯಿಂದ ಪೂರ್ತಿಯಾಗಿ ತೆಗೆದವರಲ್ಲಿ ನೂರಕ್ಕೆ ೯೫ರಷ್ಟು ಮಂದಿ ಗುಣಮುಖರಾಗುತ್ತಾರೆ.

ಗಡ್ಡೆಯ ಜಾತಿಯ ಹೆಸರು ಏಕೆ ಮುಖ್ಯವೆಂಬುದು ಇದರಿಂದ ವಿಶದವಾದೀತು. ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ತೀರಿಕೊಂಡಾಗ ಮೇದೋಜೀರಕದ ಕ್ಯಾನ್ಸರೆಂದು ಪತ್ರಿಕೆಗಳಲ್ಲಿ ಓದಿದ್ದೆವು. ಆತನಿಗಿದ್ದುದು ದ್ವೀಪಕೋಶಗಳ ಬಳಗದ ಗಡ್ಡೆ. ೨೦೦೩ರಲ್ಲಿ ಅದು ಪತ್ತೆಯಾಯಿತು, ೨೦೦೪ರಲ್ಲಿ ಶಸ್ತ್ರಕ್ರಿಯೆಯಾಯಿತು, ಆತನು ತೀರಿಕೊಂಡುದು ೨೦೧೧ರಲ್ಲಿ. ಮೇದೋಜೀರಕದ ಅರ್ಬುದಗಳನ್ನೆಲ್ಲ ಒಟ್ಟಿಗೆ ಹಿಡಿದರೆ ೫ ವರ್ಷ ಬದುಕುವವರು ಅಮೆರಿಕದ ಇತ್ತೀಚಿನ ಲೆಕ್ಕದಂತೆ ನೂರರಲ್ಲಿ ಸುಮಾರು ೧೩ ಮಂದಿ ಮಾತ್ರ. ಆದುದರಿಂದ ‘ಗಡ್ಡೆ’ ಎಂಬ ಮಾತನ್ನಷ್ಟೇ ಕೇಳಿ ಮನೆಗೆ ಮರಳಬಾರದು. ಯಾವ ಕೋಶದಿಂದ ಹುಟ್ಟಿದುದು, ಎಷ್ಟು ವೇಗವಾಗಿ ಬೆಳೆಯುವಂಥದು ಎಂಬುದನ್ನು ಕೇಳಿ ತಿಳಿಯಬೇಕು. ಗಡ್ಡೆಯ ಚೂರಿನಲ್ಲಿ ವಿಭಜನೆಯ ಹಾದಿಯಲ್ಲಿರುವ ಕೋಶಗಳೆಷ್ಟೆಂದು ಎಣಿಸುವ ಕೆ.ಐ.-೬೭ ಎಂಬ ಪರೀಕ್ಷೆಯಿದೆ. ಅದು ನೂರಕ್ಕೆ ೩ಕ್ಕಿಂತ ಕಡಿಮೆಯಾದರೆ ಮಂದಗತಿ, ೨೦ಕ್ಕೆ ಮೀರಿದರೆ ವೇಗ, ನಡುವಿನದು ನಡುತರ.

ಇನ್ಸುಲಿನ್ ಗಡ್ಡೆಯು ಸಾಮಾನ್ಯವಾಗಿ ೨ ಸೆಂಟಿಮೀಟರಿಗಿಂತ ಕಿರಿದು. ಒಂದು ಅಡಕೆಗಿಂತ ಸಣ್ಣದೆನ್ನಬಹುದು. ರಕ್ತವು ‘ಇದೆ’ ಎಂದು ಸಾಕ್ಷಿ ನುಡಿದ ಮೇಲೆಯೇ ಸ್ಥಳವನ್ನು ಹುಡುಕುವುದು ಕ್ರಮ. ಮೊದಲೇ ಸ್ಕ್ಯಾನಿಗೆ ಓಡುವುದರಿಂದ ಹಣ ಕಳೆಯುವುದಲ್ಲದೆ, ಸಣ್ಣ ಗಡ್ಡೆ ಕಾಣದೆ ಹೋದಾಗ ‘ಏನೂ ಇಲ್ಲ’ ಎಂಬ ಸುಳ್ಳು ಸಮಾಧಾನವೂ ದೊರೆಯುತ್ತದೆ. ಸಿ.ಟಿ. ಮತ್ತು ಎಂ.ಆರ್.ಐ. ಸ್ಕ್ಯಾನುಗಳಿಗೆ ತಪ್ಪಿಸಿಕೊಂಡುದನ್ನು, ಜಠರದೊಳಗೆ ನಳಿಗೆ ಇಳಿಸಿ ಅಲ್ಲಿಂದ ಶಬ್ದದ ಅಲೆಗಳನ್ನು ಹಾಯಿಸಿ ನೋಡುವ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಅನೇಕ ಸಾರಿ ಹಿಡಿದುಕೊಡುತ್ತದೆ. ಈ ಬಳಗದ ಬಹುಪಾಲು ಗಡ್ಡೆಗಳ ಮೈಮೇಲೆ ಸೊಮಾಟೊಸ್ಟಾಟಿನ್ ಎಂಬ ಹಾರ್ಮೋನು ಅಂಟುವ ತಾಣಗಳಿವೆ. ವಿಕಿರಣವುಳ್ಳ ಗ್ಯಾಲಿಯಂ ಬೆಸೆದ ಔಷಧವನ್ನು ಚುಚ್ಚಿದರೆ ಅದು ಆ ತಾಣಗಳಲ್ಲಿ ಕುಳಿತು, ಗಡ್ಡೆ ಎಲ್ಲಿದ್ದರೂ ಚಿತ್ರದಲ್ಲಿ ಬೆಳಗುವುದು. ಇನ್ಸುಲಿನ್ ಗಡ್ಡೆಗಳಲ್ಲಿ ಮಾತ್ರ ಆ ತಾಣಗಳು ಕಡಿಮೆಯಾದುದರಿಂದ ಹಲವು ವೇಳೆ ಅವು ಈ ಬಲೆಗೂ ಬೀಳವು.

ಒಂದೇ ಕುಟುಂಬದಲ್ಲಿ ಇಂಥ ಗಡ್ಡೆ, ಮರುಕಳಿಸುವ ಮೂತ್ರಪಿಂಡದ ಕಲ್ಲುಗಳು, ಮಿದುಳಿನಡಿಯ ಪಿಟ್ಯುಟರಿ ಗ್ರಂಥಿಯ ಗಡ್ಡೆ ಇವು ಕಂಡುಬಂದರೆ ಅದು ಆನುವಂಶಿಕವಾದ ದೋಷವಾಗಿರಬಹುದು. ೧೯೫೪ರಲ್ಲಿ ವರ್ಮರ್ ಎಂಬವನು ಅದನ್ನು ವರ್ಣಿಸಿದನು. ೧೯೯೭ರಲ್ಲಿ ಅದರ ಜೀನು ಸಿಕ್ಕಿತು. ಆದುದರಿಂದ ಚಿಕ್ಕಪ್ಪನ ಕಲ್ಲಿನ ರೋಗವನ್ನು, ಸೋದರತ್ತೆಯ ಶಸ್ತ್ರಕ್ರಿಯೆಯನ್ನು ವೈದ್ಯರು ಕೇಳಿದರೆ ಮನೆಯ ಗುಟ್ಟೆಂದು ಅಡಗಿಸಬಾರದು.

ಈಗ ನಮ್ಮ ಜನರ ಒಂದು ವಿಶೇಷ ಕಷ್ಟವನ್ನು ಹೇಳಬೇಕು. ದೊಡ್ಡ ಆಸ್ಪತ್ರೆಯೆಂದರೆ ನಮ್ಮವರು ಮಂಗಳೂರಿಗೆ ಹೋಗುತ್ತಾರೆ, ಕೋಝಿಕ್ಕೋಡಿಗೆ ಹೋಗುತ್ತಾರೆ, ವೆಲ್ಲೂರಿಗೂ ಹೋಗುತ್ತಾರೆ. ರೋಗಿಯ ಭಾಷೆ ಒಂದು, ವೈದ್ಯರ ಭಾಷೆ ಮತ್ತೊಂದು, ಚೀಟಿಯ ಭಾಷೆ ಮೂರನೆಯದು. ನಡುವೆ ನಿಂತು ತರ್ಜುಮೆ ಮಾಡುವವರು ಎಷ್ಟೋ ವೇಳೆ ಮನೆಯ ಮಕ್ಕಳೇ, ಎಂದರೆ ಇಲ್ಲಿ ಕುಳಿತಿರುವ ನೀವೇ. ಅಜ್ಜಿಯು ‘ಕಣ್ಣು ಕತ್ತಲೆ ಬಂತು, ಮೈಯೆಲ್ಲ ತಣ್ಣಗೆ ಬೆವತಿತು, ನೀನು ಯಾರೆಂದು ತಿಳಿಯಲಿಲ್ಲ’ ಎಂದು ಹೇಳಿದುದನ್ನು ನೀವು ‘ತಲೆಸುತ್ತು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ವೈದ್ಯರ ಕೈಯಲ್ಲಿ ಉಳಿಯುವುದು ತಲೆಸುತ್ತು ಮಾತ್ರ. ಬೆವರು ಬೇರೆ, ಮಂಕು ಬೇರೆ, ಕಣ್ಣು ಕತ್ತಲೆ ಬರುವುದು ಬೇರೆ. ನಮ್ಮ ಕನ್ನಡದಲ್ಲಿ ಇವಕ್ಕೆಲ್ಲ ಬೇರೆ ಬೇರೆ ಮಾತುಗಳಿವೆ. ಒಂದೊಂದನ್ನೂ ಬಿಡದೆ ದಾಟಿಸಬೇಕು.

ಅದಕ್ಕೆ ಒಂದು ಇಪ್ಪತ್ತು ಪುಟದ ನೋಟುಬುಕ್ಕು ಸಾಕು. ದಿನ, ಗಂಟೆ, ಕೊನೆಯ ಬಾರಿ ತಿಂದುದು ಯಾವಾಗ, ಏನು ಮಾಡುತ್ತಿದ್ದರು, ಏನಾಯಿತು, ಏನು ಕೊಟ್ಟಿರಿ, ಎಷ್ಟು ನಿಮಿಷಕ್ಕೆ ಸರಿಹೋಯಿತು ಎಂಬುದನ್ನು ಬರೆಯಿರಿ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಸಕ್ಕರೆ ಕೊಡುವುದಕ್ಕೆ ಮುಂಚೆ ಒಂದು ಹನಿ ರಕ್ತದ ಅಂಕೆಯನ್ನೂ ಬರೆಯಿರಿ; ಅದಕ್ಕಾಗಿ ಸಕ್ಕರೆ ಕೊಡುವುದನ್ನು ತಡಮಾಡಬೇಡಿರಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರನ್ನಾಗಲಿ ಪಾನಕವನ್ನಾಗಲಿ ಹೊಯ್ಯಲೇಬಾರದು. ಅದು ಶ್ವಾಸನಾಳಕ್ಕೆ ಇಳಿಯುವುದು. ಅಂಥವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಕೂಡಲೆ ಆಸ್ಪತ್ರೆಗೆ ಸಾಗಿಸಬೇಕು. ಎಷ್ಟೋ ವರ್ಷ ಅಪಸ್ಮಾರದ ಔಷಧಿ ತಿಂದರೂ ನಿಲ್ಲದ ಸೆಳವುಗಳು ಬೆಳಗಿನ ಜಾವದಲ್ಲಿಯೇ ಏಕೆ ಬರುತ್ತವೆಂಬುದು ಅಂಥ ನೋಟುಬುಕ್ಕಿನ ಎರಡು ಪುಟಗಳಿಂದ ಹೊರಬೀಳಬಹುದು. ಅಪಸ್ಮಾರದ ಔಷಧಿಯನ್ನು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಇನ್ಸುಲಿನ್ ಗಡ್ಡೆಗಳು ಹತ್ತರಲ್ಲಿ ಒಂಬತ್ತು ಸೌಮ್ಯವಾದವು, ಸಾಮಾನ್ಯವಾಗಿ ಒಂಟಿಯಾದವು. ತೆಗೆದರೆ ರೋಗವು ಮುಗಿಯಿತು. ಗಡ್ಡೆ ಹೊರಬಂದ ಹೊತ್ತಿನಿಂದ ರಕ್ತದ ಸಕ್ಕರೆ ಏರತೊಡಗುತ್ತದೆ. ಕೆಲವು ದಿನ ಅದು ಮಧುಮೇಹದವರಂತೆ ಏರಿ ಮನೆಯವರನ್ನು ಗಾಬರಿಗೊಳಿಸುವುದೂ ಉಂಟು. ಇಷ್ಟು ಕಾಲ ಗಡ್ಡೆಯೊಂದೇ ದುಡಿಯುತ್ತಿದ್ದುದರಿಂದ ಮಿಕ್ಕ ದ್ವೀಪಗಳೆಲ್ಲ ಕೆಲಸ ಬಿಟ್ಟು ನಿದ್ದೆಹೋಗಿರುತ್ತವೆ. ಅವು ಎಚ್ಚರಗೊಳ್ಳಲು ಕೆಲವು ದಿನಗಳು ಹಿಡಿಯುತ್ತವೆ. ಆಮೇಲೆ ರಾತ್ರಿ ಎರಡಕ್ಕೂ ನಾಲ್ಕಕ್ಕೂ ಎಬ್ಬಿಸಿ ಬೆಲ್ಲದ ನೀರು ಕುಡಿಸುವ ಕೆಲಸ ಮನೆಯವರಿಗೆ ಉಳಿಯುವುದಿಲ್ಲ.

 ಪ್ರಶ್ನೆಗಳಿದ್ದರೆ ಚೀಟಿಯಲ್ಲಿ ಬರೆದು ಕಳುಹಿಸಬಹುದು. ವಿದ್ಯಾರ್ಥಿಗಳ ಚೀಟಿಗಳನ್ನು ಮೊದಲು ತೆಗೆದುಕೊಳ್ಳುವೆವು.